ರಾತ್ರಿ ಎಂಟಕ್ಕೆ ದೀಪಸ್ತಂಭದ ಕಡೆ ಹೊರಡುವುದು

ಅಳೆದ ನೆಲ ಮರುದಿನವೂ ಅಲ್ಲಿಯೇ ಇರುತ್ತದೆ. ಈ ಒಂದು ನಂಬಿಕೆಯ ಮೇಲೆ ಸರಕಾರ ನನಗೆ ಮೂವತ್ತನಾಲ್ಕು ವರ್ಷ ಸಂಬಳ ಕೊಟ್ಟಿತು. ಈಗ ಪಿಂಚಣಿಯನ್ನೂ ಕೊಡುತ್ತಿದೆ. ರಾಣೆಬೆನ್ನೂರು ತಾಲೂಕಿನಲ್ಲಿ ನಾನು ಸರಪಳಿ ಹಿಡಿದು ನಡೆಯದ ಬದು ಕಡಿಮೆ. ಅಣ್ಣತಮ್ಮಂದಿರು ಬಡಿದಾಡಿದರು, ಬೇಲಿ ಕಿತ್ತರು, ಗಡಿಕಲ್ಲು ಸರಿಸಿದರು. ನೆಲ ಮಾತ್ರ ಯಾವತ್ತೂ ತಾನಾಗಿ ಎದ್ದು ಹೋಗಲಿಲ್ಲ. ಹೀಗಾಗಿ ಸಮುದ್ರದಂಡೆಯ ಒಂದು ದೀಪಸ್ತಂಭಕ್ಕೆ ರಾತ್ರಿ ನಡೆದು ಹೋಗಿ, ಅದರ ಬುಡದಲ್ಲಿ ಮಲಗಿ, ಬೆಳಿಗ್ಗೆ ಮರಳುವುದೆಂದು ನಾವು ಮೂವರು ಗೆಳೆಯರು ನಿಶ್ಚಯಿಸಿದಾಗ ಯೋಜನೆಯ ಹೊಣೆ ಸಹಜವಾಗಿ ನನ್ನ ಹೆಗಲಿಗೆ ಬಂತು. ಬಂತು ಎನ್ನುವುದಕ್ಕಿಂತ, ಇನ್ನೊಬ್ಬರಿಗೆ ನಾನು ಬಿಡಲಿಲ್ಲ ಎಂದರೆ ಸತ್ಯಕ್ಕೆ ಹತ್ತಿರ.

ಮೂವರೆಂದರೆ, ನಾನು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನೊಬ್ಬ, ಹಾವೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟವನೊಬ್ಬ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಬೆತ್ತದಿಂದ ಹೊಡೆತ ತಿಂದವರು. ಅರವತ್ತು ದಾಟಿದ ಮೇಲೂ ಆ ಬೆಂಚಿನ ಕ್ರಮವೇ ಮುಂದುವರಿದಿದೆ: ನಾನು ಹೇಳುವುದು, ದಲಾಲಿ ಅಡ್ಡಮಾತಾಡುವುದು, ಟೇಲರ್ ಕೇಳುವುದು.

ಹಠ ಹಿಡಿದವನು ಮಾತ್ರ ಟೇಲರ್. ಮದುವೆಯಾದ ಹೊಸ ಜೋಡಿಯೊಂದು ಬ್ಲೌಸು ಹೊಲಿಸಲು ಬಂದಾಗ ತಮ್ಮ ತಿರುಗಾಟದ ಫೋಟೋ ತೋರಿಸಿತ್ತಂತೆ. ಕರಿ ಬಂಡೆಯ ಗುಡ್ಡ, ಅದರ ನೆತ್ತಿಯ ಮೇಲೆ ಬಿಳಿಯ ದೀಪಸ್ತಂಭ, ಮೂರು ಕಡೆ ನೀರು. ಅವನು ಆ ಫೋಟೋವನ್ನು ತನ್ನ ಫೋನಿಗೆ ಹಾಕಿಸಿಕೊಂಡು, ನಮ್ಮಿಬ್ಬರಿಗೂ ಕಳಿಸಿ, ಹಿಂದೆಯೇ ಕರೆ ಮಾಡಿದ್ದ.

"ನಾ ಸಮುದ್ರ ನೋಡಿಲ್ಲಲೇ. ಇಲ್ಲಿ ಒಂದ್ ರಾತ್ರಿ ಇರಬೇಕು. ಅಷ್ಟ."

ಸುಮಾರು ಐವತ್ತು ವರ್ಷದ ಸ್ನೇಹದಲ್ಲಿ ಅವನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ನಮಗೆ ಇಲ್ಲ ಎನ್ನಲಾಗಲಿಲ್ಲ.

ಸಭೆಗಳು ಹಾವೇರಿಯ ಅವನ ಅಂಗಡಿಯಲ್ಲಿ ನಡೆದವು. ಒಟ್ಟು ಐದು. ಚುರುಮುರಿ ಗಿರಮಿಟ್ಟಿನ ಪೊಟ್ಟಣ ಬಿಚ್ಚುವುದರೊಂದಿಗೆ ಕಲಾಪ ಆರಂಭವಾಗಿ, ಕೈ ಒರೆಸಿಕೊಳ್ಳಲು ಚಿಂದಿಬಟ್ಟೆ ಹುಡುಕುವುದರೊಂದಿಗೆ ಮುಗಿಯುತ್ತಿತ್ತು. ನಡುವೆ ನಾನು ನಡಾವಳಿ ಬರೆಯುತ್ತಿದ್ದೆ. ನೀಲಿ ಗೆರೆಯ ಹಾಳೆಯ ಮೇಲೆ ದಂಡೆಯ ನಕಾಶೆ ತೆಗೆದೆ. ಫೋನಿನಲ್ಲಿ ಸಿಗುವ ಉಪಗ್ರಹದ ಚಿತ್ರವನ್ನು ಅಳತೆಗೆ ಇಳಿಸಿದ್ದು. ದಂಡೆಯ ಮೇಲಿನ ಒಂದು ಚಹದಂಗಡಿಯಿಂದ ಮರಳಿನ ಮೇಲೆ ಒಂದೂಮುಕ್ಕಾಲು ಕಿಲೋಮೀಟರು. ಆಮೇಲೆ ಗುಡ್ಡದ ಬುಡ ಸುತ್ತಿಕೊಂಡು ಹೋಗುವ ಬಂಡೆಗಳ ಹಾದಿ, ಆರುನೂರು ಮೀಟರು. ಅದು ಮುಗಿದಲ್ಲಿ ಏರು, ಏರಿನ ತುದಿಗೆ ದೀಪಸ್ತಂಭ. ಗುಡ್ಡದ ಹಿಂಬದಿ ಪೂರ್ತಿ ಮುಳ್ಳುಕಂಟಿ, ಬೇರೆ ಹಾದಿಯಿಲ್ಲ. ಚಿತ್ರದಲ್ಲಿ ಬಂಡೆಗಳು ಒಣಗಿ, ಹರವಾಗಿ, ನಮ್ಮೂರ ಕಣದ ಹಾಗೆ ಬಿದ್ದುಕೊಂಡಿದ್ದವು. ಕೆಂಪು ಶಾಯಿಯಲ್ಲಿ ಹಾದಿಯ ಗೆರೆ ಎಳೆದೆ.

ದಿನ ನಿಶ್ಚಯಿಸುವ ಪ್ರಶ್ನೆ ಬಂದಾಗ ದಲಾಲಿ ಗೋಡೆಯ ಕ್ಯಾಲೆಂಡರು ತಿರುವಿದ.

"ಅಮಾಸಿ ಆಜೂಬಾಜೂ ಬ್ಯಾಡ. ನಮ್ಮವ್ವ ಸತ್ತರೂ ಅಮಾಸಿಗೆ ಊರ ದಾಟಗೊಡತಿದ್ದಿಲ್ಲ."

"ಹುಣ್ಣಿವಿ," ಎಂದೆ ನಾನು, ತೀರ್ಪು ಕೊಡುವವನ ದನಿಯಲ್ಲಿ. "ಟಾರ್ಚ್ ಹಿಡದು ಬಂಡೆ ಮ್ಯಾಲೆ ನಡಿಯೂದು ಮೂರ್ಖತನ. ಬೆಳದಿಂಗಳ ಹಿಟ್ಟ ಚೆಲ್ಲಿದಂಗ ಬಿದ್ದಿರತೈತಿ. ರಾತ್ರಿ ಹೋಗೂದಾದ್ರ ಹುಣ್ಣಿವಿಗೇ ಹೋಗಬೇಕು."

ಇಬ್ಬರೂ ಗೋಣು ಹಾಕಿದರು. ಬಯಲುಸೀಮೆಯ ಯಾವ ಮನುಷ್ಯನಾದರೂ ಗೋಣು ಹಾಕುತ್ತಿದ್ದ. ಬೆಳದಿಂಗಳಲ್ಲಿ ಕಣ ಮಾಡಿದವರು, ಬೆಳದಿಂಗಳಲ್ಲಿ ಬಂಡಿ ಕಟ್ಟಿಕೊಂಡು ದೇವರಗುಡ್ಡಕ್ಕೆ ಹೋದವರು ನಾವು. ಚಂದ್ರನೆಂದರೆ ನಮಗೆ ಬಿಟ್ಟಿ ಕಂದೀಲು. ಅವನಿಗೆ ಬೇರೆ ಉದ್ಯೋಗವೂ ಇದೆಯೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಏಳನೆಯ ತರಗತಿಯಲ್ಲಿ 'ಉಬ್ಬರ ಇಳಿತಗಳಿಗೆ ಕಾರಣವೇನು?' ಎಂಬ ಪ್ರಶ್ನೆಗೆ ಚಿತ್ರ ಸಹಿತ ಉತ್ತರ ಬರೆದು ಐದಕ್ಕೆ ಐದು ಅಂಕ ಪಡೆದವನು ನಾನು. ಆದರೆ ಅದು ಪ್ರಶ್ನೆಪತ್ರಿಕೆಯ ಸಮುದ್ರ. ನಾನು ಹುಟ್ಟಿದ ಮೇಡ್ಲೇರಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಅವಳು ಮಳೆಗಾಲಕ್ಕೆ ಏರುತ್ತಾಳೆ, ಬೇಸಿಗೆಗೆ ಇಳಿಯುತ್ತಾಳೆ, ನಡುವೆ ಆರು ತಿಂಗಳು ಪುರಸೊತ್ತು ಕೊಡುತ್ತಾಳೆ. ದಿನಕ್ಕೆರಡು ಸಲ ಬಂದುಹೋಗುವ ನೀರನ್ನು ನನ್ನ ನಕಾಶೆಯಲ್ಲಿ ಎಲ್ಲಿ ಬರೆಯುವುದೆಂದು ನನಗೆ ಹೊಳೆಯಲೇ ಇಲ್ಲ.

ಆ ತಿಂಗಳ ಹುಣ್ಣಿಮೆ ಗುರುವಾರ ಬಿದ್ದಿತ್ತು. ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಪೇಟೆ. ಟೆಂಡರು ಮುಗಿಯುವವರೆಗೆ ದಲಾಲಿ ಅಂಗಡಿ ಬಿಡುವ ಹಾಗಿಲ್ಲ. ಟೇಲರನ ಎಡಗಾಲು ಹಳೆಯ ಅಪಘಾತವೊಂದರಲ್ಲಿ ಮುರಿದು ಕೂಡಿದ್ದು. ನಮ್ಮ ಒಂದು ಹೆಜ್ಜೆಗೆ ಅವನದು ಅರ್ಧ. ಎರಡೂ ತೊಡಕುಗಳನ್ನು ನಾನು ಒಂದೇ ಏಟಿಗೆ ಬಗೆಹರಿಸಿದೆ. ಟೇಲರ್ ಬೆಳಿಗ್ಗೆಯ ಬಸ್ಸಿಗೆ ಮುಂದೆ ಹೋಗುವುದು. ನಾನೂ ದಲಾಲಿಯೂ ಪೇಟೆ ಮುಗಿಸಿ ಅವನ ಕಾರಿನಲ್ಲಿ ಹಿಂದೆ ಹೋಗಿ ಒಂಬತ್ತಕ್ಕೆ ಮುಟ್ಟುವುದು. ನಿಧಾನ ನಡೆಯುವವನು ಮೊದಲೇ ನಡೆಯತೊಡಗಿದರೆ ಏರಿನ ಬುಡದಲ್ಲಿ ಮೂವರೂ ಕೂಡುತ್ತೇವೆ. ಲೆಕ್ಕ ಎಷ್ಟು ಚೆಂದ ಕೂಡಿಬಂತೆಂದರೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನ್ನಿಸಿತು.

ಆಮೇಲೆ ಹದಿನಾಲ್ಕು ಕಲಮುಗಳ ಒಂದು ಪತ್ರ ಬರೆದು ಮೂವರಿಗೂ ಒಂದೊಂದು ಪ್ರತಿ ಕೊಟ್ಟೆ. ಎಲ್ಲ ಕಲಮುಗಳನ್ನೂ ಇಲ್ಲಿ ಹೇಳಬೇಕಾಗಿಲ್ಲ, ಮೂರು ಸಾಕು. ಐದನೆಯದು: 'ಟೇಲರ್ ಚಹದಂಗಡಿಯಿಂದ ರಾತ್ರಿ ಎಂಟು ಗಂಟೆಗೆ ಸರಿಯಾಗಿ ಹೊರಡುವುದು, ಯಾರಿಗೂ ಕಾಯಬಾರದು.' ಏಳನೆಯದು: 'ಬ್ಯಾಟರಿ ಉಳಿಸುವ ಸಲುವಾಗಿ ಟೇಲರ್ ಫೋನು ಬಂದ್ ಇಟ್ಟಿರುವುದು, ದೀಪಸ್ತಂಭ ಮುಟ್ಟಿದ ಮೇಲೆ ತೆರೆಯುವುದು.' ಹನ್ನೊಂದನೆಯದು: 'ಹಾದಿಯ ಬಗ್ಗೆ ಸ್ಥಳೀಯರ ಸಲಹೆ ಕೇಳಬಾರದು. ಒಬ್ಬೊಬ್ಬ ಒಂದೊಂದು ಹೇಳುತ್ತಾನೆ.' ಹನ್ನೊಂದನೆಯದು ನನ್ನ ವೃತ್ತಿಯ ಸಾರ. ಯಾವ ಹಳ್ಳಿಯಲ್ಲಾದರೂ ಗಡಿ ಎಲ್ಲಿ ಎಂದು ಹತ್ತು ಜನರನ್ನು ಕೇಳಿ ನೋಡಿ, ಹನ್ನೊಂದು ಗಡಿ ಸಿಗುತ್ತವೆ.

ದಲಾಲಿ ತನ್ನ ಪ್ರತಿಯನ್ನು ಅಲ್ಲೇ ಮಡಚಿ ಗಿರಮಿಟ್ಟಿನ ಎಣ್ಣೆ ಒರೆಸಿಕೊಂಡ. ಟೇಲರ್ ತನ್ನದನ್ನು ಎರಡು ಸಲ ಓದಿ, ಅಳತೆಪುಸ್ತಕದೊಳಗೆ ಇಟ್ಟ. ಆ ಪುಸ್ತಕದ ಬಗ್ಗೆ ಹೇಳಬೇಕು. ಅದರಲ್ಲಿ ಬರೆದದ್ದನ್ನು ಅವನು ಪ್ರಶ್ನಿಸಿದವನಲ್ಲ. ಒಮ್ಮೆ ಯಾರದೋ ಎದೆಯ ಅಳತೆ ನಲವತ್ತರ ಬದಲು ಐವತ್ತು ಎಂದು ಬಿದ್ದಿತ್ತು, ಐವತ್ತಕ್ಕೇ ಕತ್ತರಿಸಿದ. ಗಿರಾಕಿ ಅಂಗಿಯೊಳಗೆ ಕಳೆದುಹೋದ. "ನೋಡಿದ್ರ ತಿಳಿಯೂದಿಲ್ಲೇನು, ಇಷ್ಟ್ ದೊಡ್ಡ ಅಂಗಿ?" ಎಂದರೆ, "ಬರದಿತ್ತಲ್ಲ," ಎಂದಿದ್ದ.

ನನ್ನ ಹೆಂಡತಿ ಪತ್ರವನ್ನು ಓದಿ ಒಂದೇ ಮಾತು ಹೇಳಿದಳು. "ಸಮುದ್ರದವರನ್ನ ಯಾರನ್ನರ ಕೇಳಿದ್ರೇನ್ರಿ?"

"ಹನ್ನೊಂದನೇ ಕಲಮು ನೋಡು," ಎಂದೆ.

"ನೋಡಿದ್ನಿ. ಅದಕ್ಕ ಕೇಳಿದೆ."

ಗುರುವಾರ ಮಧ್ಯಾಹ್ನ ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಬ್ಯಾಡಗಿಗೆ ಬಂದೆ. ಟೇಲರ್ ಬೆಳಿಗ್ಗೆಯೇ ಹಾವೇರಿ ಬಿಟ್ಟಿದ್ದ. ಬಸ್ಸು ಹತ್ತುವ ಮೊದಲು ನನಗೆ ಫೋನು ಮಾಡಿ, "ಈಗ ಏಳನೇ ಕಲಮು ಪಾಲಿಸಾಕತ್ತೇನಿ," ಎಂದು ಬಂದ್ ಮಾಡಿದ್ದ. ಪೇಟೆಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಕೆಂಪು ರಾಶಿಗಳ ನಡುವೆ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ದಲಾಲಿಯ ಅಂಗಡಿ ಮುಟ್ಟಿದೆ. ನಾಲ್ಕಕ್ಕೆ ಹೊರಡುವುದೆಂದಿತ್ತು. ನಾನು ಚೀಲ ಬಗಲಿಗಿಟ್ಟು, ನಕಾಶೆಯನ್ನು ಮೆಣಸಿನಕಾಯಿ ಚೀಲದ ಮೇಲೆ ಹರವಿಕೊಂಡು ಕೂತೆ. ಯಾರಾದರೂ ಏನಿದು ಎಂದು ಕೇಳಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕೇಳಿದವನು ಒಬ್ಬ ಖರೀದಿದಾರ. ಕುಮಟಾ ಕಡೆಯಿಂದ ವರ್ಷಕ್ಕೊಮ್ಮೆ ಮಸಾಲೆಯ ಮೆಣಸಿನಕಾಯಿಗೆಂದು ಬರುವ, ನಮ್ಮ ವಯಸ್ಸಿನ ಮನುಷ್ಯ. ತನ್ನ ಚೀಲಗಳ ಬಾಯಿ ಹೊಲಿಯುವುದನ್ನು ಕಾಯುತ್ತಿದ್ದ. ಬಗ್ಗಿ ನೋಡಿ ಖುಷಿಪಟ್ಟ.

"ಇದು ನಮ್ಮ ಲೈಟ್‌ಹೌಸ್ ಅಲ್ವಾ ಮಾರಾಯ್ರೇ! ಎಷ್ಟು ಚಂದ ತೆಗೆದಿದೀರಿ. ಯಾವಾಗ ಹೋಗೋದು?"

"ಇವತ್ತ," ಎಂದೆ. "ನಮ್ಮ ಒಬ್ಬ ಗೆಳೆಯ ಮುಂದ ಹೋಗ್ಯಾನ. ರಾತ್ರಿ ಎಂಟಕ್ಕ ನಡಿಯಾಕ ಸುರು ಮಾಡತಾನ. ಒಂಬತ್ತರ ಸುಮಾರಿಗೆ ಇಲ್ಲಿ ಬಂಡೆಗೋಳ ಮ್ಯಾಲೆ ಇರತಾನ. ಬೆಳದಿಂಗಳ."

ಅವನು ನಕ್ಕ. ನಾನು ಹಾಸ್ಯ ಮಾಡುತ್ತಿದ್ದೇನೆಂದು ತಿಳಿದಿದ್ದ. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು.

"ಹುಣ್ಣಿಮೆ ದಿನ ರಾತ್ರಿ ಒಂಬತ್ತಕ್ಕೆ ಅಲ್ಲಿ ಬಂಡೆ ಎಲ್ಲಿರ್ತದೆ ಮಾರಾಯ್ರೇ? ನೀರಿರ್ತದೆ. ಹುಣ್ಣಿಮೆ ಅಮಾಸೆಗೆ ಭರತ, ಅಂದ್ರೆ ಉಬ್ಬರ, ದೊಡ್ಡದು. ಸಂಜೆ ಐದಕ್ಕೆ ಪೂರ್ತಿ ಹಿಂದೆ ಹೋಗ್ತದೆ, ಏಳರ ಮೇಲೆ ಅಲ್ಲಿ ಕಾಲಿಡೋ ಹಾಗಿಲ್ಲ. ಹತ್ತೂವರೆ ಹನ್ನೊಂದಕ್ಕೆ ತುಂಬಿ ನಿಲ್ತದೆ."

"ನೀರು ಕಂಡ್ರ ಅಂವ ಹೊಳ್ಳಿ ಬರತಾನಲ್ರಿ," ಎಂದೆ.

"ಅದೇ ಅಲ್ವಾ ತೊಂದ್ರೆ. ಮೊದಲ ಬಂಡೆಗಳು ಎತ್ತರ, ಅಲ್ಲಿ ಪಾದ ಮುಳುಗುವಷ್ಟು ಇರ್ತದೆ. ಇಷ್ಟೇ ಅಂತ ಹೋಗ್ತಾರೆ. ನಡುವೆ ತಗ್ಗು. ಅಲ್ಲಿಗೆ ಹೋಗೋದ್ರೊಳಗೆ ಹಿಂದಿನ ಹಾದಿ ಮುಚ್ಚಿರ್ತದೆ. ಒಂದು ಕಡೆ ಗುಡ್ಡದ ಗೋಡೆ, ಒಂದು ಕಡೆ ತೆರೆ. ಅವರಿಗೆ ಈಜು ಬರ್ತದಾ?"

ಟೇಲರಿಗೆ ಈಜು ಬರುವುದಿಲ್ಲ. ಅವನ ಎಡಗಾಲು ಮಡಚುವುದೂ ಇಲ್ಲ.

ನಾನು ಫೋನು ತೆಗೆದು ಟೇಲರಿಗೆ ಹಚ್ಚಿದೆ. ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಹೆಣ್ಣುಮಗಳೊಬ್ಬಳು ಅತ್ಯಂತ ಸಾವಧಾನದಿಂದ ತಿಳಿಸಿದಳು. ನನ್ನ ಕಲಮನ್ನು ಅಷ್ಟು ನಿಷ್ಠೆಯಿಂದ ಓದಿ ಹೇಳಿದವರು ಅವಳ ಹಾಗೆ ಮತ್ತೊಬ್ಬರಿಲ್ಲ. ಆ ಸಂಜೆ ಅವಳ ಮಾತನ್ನು ನಾನು ನಲವತ್ತು ಸಲವಾದರೂ ಕೇಳಿರಬೇಕು.

ದಲಾಲಿಯನ್ನು ಟೆಂಡರಿನ ಗದ್ದಲದಿಂದ ಎಳೆದು ತಂದೆ. ಹೇಳಿದೆ. ಅವನು ಕಾರಿನ ಕೀಲಿಗೆ ಕೈ ಹಾಕಿದ.

"ನಡಿ. ಹೊಡೀತೇನಿ. ಎಂಟಕ್ಕ ಮುಟ್ಟಸ್ತೇನಿ."

"ಮುಟ್ಟೋದಿಲ್ಲ," ಎಂದ ಕುಮಟಾದವನು. "ಎಷ್ಟು ಹೊಡೆದ್ರೂ ಒಂಬತ್ತು. ಅದೂ ಅಲ್ದೆ ಶಿರಸಿ ದಾಟಿ ಘಾಟಿ ಇಳಿದರೆ ಸಿಗ್ನಲ್ ಇಲ್ಲ. ಆ ಹೊತ್ತಿಗೇ ಫೋನು ಬಂದ್ರೆ ಎತ್ತೋರ್ಯಾರು? ಇಲ್ಲೇ ಕೂತ್ಕೊಳ್ಳಿ. ನಾನು ಜನ ಹುಡುಕ್ತೇನೆ."

ನನ್ನ ಬದುಕಿನಲ್ಲಿ ಕೂತುಕೊಳ್ಳುವುದು ಇಷ್ಟು ಕಠಿಣವಾದದ್ದು ಇನ್ನೊಮ್ಮೆಯಿಲ್ಲ. ಪೊಲೀಸ್ ಸಹಾಯದ ನೂರಾ ಹನ್ನೆರಡಕ್ಕೆ ಫೋನು ಮಾಡಿದೆವು. ಆ ಕಡೆಯವರು ಸೌಜನ್ಯದಿಂದ ಎಲ್ಲವನ್ನೂ ಬರೆದುಕೊಂಡು, ಅಲ್ಲಿಯ ಗಾಡಿ ದೂರದ ಊರಿಗೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದರು. ಕುಮಟಾದವನು ತನ್ನ ಭಾವಮೈದುನನಿಗೆ ಮಾಡಿದ, ಅವನು ಆ ಊರಿನ ಒಬ್ಬ ದೋಣಿಯವನ ನಂಬರು ಕೊಟ್ಟ, ದೋಣಿಯವನು ಸಮುದ್ರದಲ್ಲಿದ್ದ. ದೋಣಿಯವನ ಹೆಂಡತಿ ಚಹದಂಗಡಿಯವನ ನಂಬರು ಕೊಟ್ಟಳು. ಅದು ಹತ್ತು ಅಂಕಿಯ ಬದಲು ಒಂಬತ್ತೇ ಇತ್ತು. ಮತ್ತೆ ಅವಳಿಗೆ ಮಾಡಿದರೆ ಅವಳ ಫೋನು ಎತ್ತುವವರಿಲ್ಲ.

ಐದೂವರೆ. ಮೈಕಿನಲ್ಲಿ ಟೆಂಡರಿನ ದರಗಳನ್ನು ಕೂಗುತ್ತಿದ್ದರು. ತನ್ನ ಅಂಗಡಿಯ ಹೆಸರು ಬಂದರೂ ದಲಾಲಿ ಕಿವಿಗೊಡಲಿಲ್ಲ. ತನ್ನ ಬದಲು ಅಳಿಯನನ್ನು ಅಲ್ಲಿಗೆ ಕಳಿಸಿ ನನ್ನೆದುರು ಕೂತ.

"ಸರ್ವೇಸಾಹೇಬ್ರ," ಎಂದ. ಅವನು ನನ್ನನ್ನು ಹಾಗೆ ಕರೆಯುವುದು ಸಿಟ್ಟು ನೆತ್ತಿಗೇರಿದಾಗ ಮಾತ್ರ. "ಚಂದ್ರಗ ಒಂದು ಕಲಮು ಬರೀಬೇಕಿತ್ತಲ್ಲ ನೀವು? 'ಒಂಬತ್ತಕ್ಕ ನೀರ ಎಳೀಬಾರದು' ಅಂತ?"

"ಹುಣ್ಣಿವಿ ಅಂದಾಗ ನೀನೂ ಹೂಂ ಅಂದಿ."

"ನಾ ಎಲ್ಲಾದಕ್ಕೂ ಹೂಂ ಅಂತೇನಿ. ನಾ ಹೂಂ ಅಂದದ್ದನ್ನ ಯಾವಾಗರ ಮಾಡೇನೇನು? ಅಂವ ಹಂಗಲ್ಲ. ಅಂವ ಮಾಡತಾನ." ಅವನು ಸೀನಿದ, ಕಣ್ಣೊರೆಸಿಕೊಂಡ. ಮೆಣಸಿನಕಾಯಿಯ ಘಾಟು ಎಂದುಕೊಂಡೆ. ನಲವತ್ತು ವರ್ಷ ಆ ಘಾಟಿನಲ್ಲೇ ಬೆಳೆದವನಿಗೆ ಸೀನು ಬರುವುದಿಲ್ಲವೆಂಬುದು ಆಮೇಲೆ ನೆನಪಾಯಿತು.

ಆರಕ್ಕೆ ನನ್ನ ಫೋನು ಹೊಡೆದುಕೊಂಡಿತು. ಟೇಲರನ ಹೆಂಡತಿ.

"ಅಣ್ಣಾರ, ಮುಟ್ಟೀರೇನ್ರಿ? ಇವರ ಫೋನ್ ಬಂದ್ ಐತಿ. ನಿಮ್ಮ ಕಾನೂನಂತಲ್ಲ?"

"ಹೂಂ ಯವ್ವಾ. ಕಾನೂನು."

"ಅಲ್ಲೇ ಅದೀರಿ ಹೌದಲ್ರಿ, ಅವರ ಜೋಡೀಗಿ?"

ಹಮಾಲರು ಚೀಲಗಳನ್ನು ಲಾರಿಗೆ ಒಗೆಯುತ್ತಿದ್ದರು. ಧಡ್, ಧಡ್ ಎಂದು ಒಂದೇ ಸಮನೆ ಸಪ್ಪಳ.

"ಅದು ಸಮುದ್ರದ ಸಪ್ಪಳೇನ್ರಿ?" ಎಂದು ಅವಳು ಕೇಳಿದಳು.

"ಹೌದವ್ವಾ," ಎಂದೆ.

"ಕಾಲು ಸಾವಕಾಶ ಇಡಾಕ ಹೇಳ್ರಿ ಅವರಿಗೆ. ನನ್ನ ಮಾತು ಕೇಳೂದಿಲ್ಲ, ನಿಮ್ಮ ಮಾತು ಕೇಳತಾರ."

ನೂರಾರು ಪಂಚನಾಮೆಗಳಿಗೆ ಸಹಿ ಹಾಕಿದವನು ನಾನು. ಒಂದರಲ್ಲೂ ಸುಳ್ಳು ಬರೆದದ್ದಿಲ್ಲ. ಅವತ್ತು ಒಂದೇ ಮಾತಿನಲ್ಲಿ ಆ ಎಲ್ಲ ಪುಣ್ಯ ಕರಗಿತು.

ಆರೂಮುಕ್ಕಾಲಿಗೆ ಪೇಟೆಯ ತಗಡಿನ ಛಾವಣಿಗಳ ಮೇಲೆ ಚಂದ್ರ ಬಂದ. ದೊಡ್ಡವನಾಗಿ, ಕೆಂಪಗೆ, ಯಾರೋ ಮೆಣಸಿನಕಾಯಿಯ ರಾಶಿಯಲ್ಲಿ ಉರುಳಿಸಿ ಎತ್ತಿಟ್ಟ ಹಾಗೆ. ಹಮಾಲನೊಬ್ಬ ನಿಂತು, "ಏನ್ ಬೆಳಕ್ರೀ ಇವತ್ತ!" ಎಂದ. ದಲಾಲಿ ಅವನನ್ನು ಕೊಲ್ಲುವವನಂತೆ ನೋಡಿದ.

ಕುಮಟಾದವನ ಚೀಲಗಳು ಲಾರಿ ಏರಿ ಆಗಿತ್ತು. ಅವನು ಹೋಗಲಿಲ್ಲ. ಡ್ರೈವರನಿಗೆ ಮುಂದೆ ಹೋಗಲು ಹೇಳಿ, ನಮ್ಮ ಪಕ್ಕದಲ್ಲೇ ಕೂತು ಒಂದೊಂದೇ ನಂಬರು ಒತ್ತುತ್ತಿದ್ದ. ಏಳೂಕಾಲಿಗೆ ದೋಣಿಯವನ ಹೆಂಡತಿ ತಾನಾಗಿಯೇ ಮಾಡಿ, ಬಿಟ್ಟುಹೋಗಿದ್ದ ಅಂಕಿ ಮೂರು ಎಂದಳು. ಒತ್ತಿದ. ರಿಂಗಾಯಿತು. ರಿಂಗಾಗಿ ನಿಂತಿತು. ಮತ್ತೆ ಒತ್ತಿದ, ಮತ್ತೆ ನಿಂತಿತು. ಏಳೂ ಮೂವತ್ತೈದಕ್ಕೆ ಆ ಕಡೆಯಿಂದ ಒಂದು ದನಿ ಬಂತು. ಅವನು ಫೋನನ್ನು ದೊಡ್ಡ ದನಿಗೆ ಹಾಕಿ ಚೀಲದ ಮೇಲಿಟ್ಟ.

"ಕೈ ಖಾಲಿ ಇರಲಿಲ್ಲ, ಎಂತ ಹೇಳಿ," ಎಂದ ಚಹದಂಗಡಿಯವನು.

"ನಿನ್ನಂಗಡಿ ಹತ್ರ ಒಬ್ರು ಇದ್ದಾರಾ? ಘಟ್ಟದ ಮೇಲಿನವರು, ಕಾಲು ಕುಂಟು?"

"ಇದ್ದಾರೆ ಮಾರಾಯಾ! ಮಧ್ಯಾಹ್ನದಿಂದ ಕೂತಿದ್ದಾರೆ. ಲೈಟ್‌ಹೌಸಿಗೆ ಹೋಗ್ಬೇಕಂತೆ. ಐದು ಗಂಟೆಗೆ ನಾನೇ ಹೇಳ್ದೆ, ಹೋಗೋದಾದ್ರೆ ಈಗ ಹೋಗಿ, ನೀರು ಹಿಂದಿದೆ ಅಂತ. ಇಲ್ಲ, ಎಂಟಕ್ಕೆ ಅಂತ ಬರೆದಿದೆ ಅಂದ್ರು. ಎಂಟಕ್ಕೆ ಹೋದ್ರೆ ಸಾಯ್ತೀರಿ ಅಂದೆ. ಎಂತದೋ ಕಾಗದ ತೋರಿಸಿ, ಊರಿನವರ ಮಾತು ಕೇಳ್ಬಾರ್ದಂತೆ ಅಂದ್ರು. ಈಗ ಚಪ್ಪಲಿ ಕಟ್ಟಿಕೊಳ್ತಾ ಇದ್ದಾರೆ."

ದಲಾಲಿ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ದೊಡ್ಡ ಶಿಕ್ಷೆ.

"ಫೋನು ಅವರ ಕೈಯಲ್ಲಿ ಕೊಡು," ಎಂದ ಕುಮಟಾದವನು.

ಗಾಳಿಯ ಸಪ್ಪಳ, ಹೆಜ್ಜೆಯ ಸಪ್ಪಳ. ಆಮೇಲೆ ಟೇಲರನ ದನಿ, ಸಂಕೋಚದಿಂದ: "ಹಲೋ, ಯಾರ್ರಿ?"

"ನಾನಲೇ."

"ಏನಪಾ! ಬಂದ್ರೇನು? ಇನ್ನಾ ಇಪ್ಪತ್ತು ಮಿನಿಟ್ ಐತಿ. ನಾ ತಯಾರ ಅದೇನಿ."

ಇಲ್ಲಿ ನನ್ನ ಬಗ್ಗೆ ಒಂದು ಮಾತನ್ನು ದಾಖಲೆಗೆ ಸೇರಿಸಬೇಕು. ಒಬ್ಬ ಮನುಷ್ಯನ ಜೀವ ಇಪ್ಪತ್ತು ನಿಮಿಷದ ದೂರದಲ್ಲಿರುವಾಗ ನನ್ನ ಬಾಯಿಂದ ಹೊರಬಿದ್ದ ಮಾತು ಇದು: "ಕಾರ್ಯಕ್ರಮದಾಗ ಒಂದು ಸಣ್ಣ ತಿದ್ದುಪಡಿ ಐತಿ."

"ತಿದ್ದುಪಡಿ ಅಂದ್ರ?" ಎಂದ. ಕಾಗದ ಬಿಡಿಸುವ ಸಪ್ಪಳ ಕೇಳಿಸಿತು. "ಯಾವ ಕಲಮು? ಹೇಳು, ಬರಕೋತೇನಿ. ಎಂಟರ ಬದ್ಲಿ ಎಂಟೂವರಿ ಏನು?"

"ಎಂಟೂವರಿ ಅಲ್ಲ. ಪರಿಸ್ಥಿತಿ ನೋಡಿ ಸದ್ಯಕ್ಕ ಮುಂದೂಡೂದು..."

ದನಿ ಕತ್ತರಿಸಿ ಕತ್ತರಿಸಿ ಬರತೊಡಗಿತು. "...ಕೇಳವಲ್ದು... ಎಂಟಕ್ಕ ಹೋಗ್ಲೀ?"

"ಲೇ!" ಎಂದು ದಲಾಲಿ ಕೂಗಿ ನನ್ನ ಭುಜ ಹಿಡಿದು ಅಲುಗಾಡಿಸಿದ. "ತಪ್ಪಾತು ಅನ್ನು! ಬಾಯಿಲೇ ಅನ್ನು! ಇಲ್ಲಂದ್ರ ಹೋಗತಾನ ಅಂವಾ!"

ನಾನು ಎದ್ದು ನಿಂತೆ. ಪೇಟೆಯಲ್ಲಿ ಇನ್ನೂ ಇದ್ದ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದೆ.

"ಹೋಗಬ್ಯಾಡ! ನಾ ಬರದದ್ದು ತಪ್ಪೈತಿ! ನನಗ ಸಮುದ್ರ ಗೊತ್ತಿಲ್ಲ! ಚಾದಂಗಡಿಯವ ಹೇಳೂದು ಖರೇ ಐತಿ! ಕೇಳಿತೇನು? ನನಗ ಗೊತ್ತಿಲ್ಲ!"

ಫೋನು ಸತ್ತಿತ್ತು. ಯಾವ ಮಾತಿಗೆ ಸತ್ತಿತೋ ತಿಳಿಯದು. ಮತ್ತೆ ಒತ್ತಿದರೆ ವ್ಯಾಪ್ತಿ ಪ್ರದೇಶದ ಹೊರಗೆ.

ಏಳೂ ಐವತ್ತು. ಎಂಟಾಯಿತು. ಮೂವರೂ ಫೋನಿನ ಕಡೆಗೇ ನೋಡುತ್ತ ಕೂತೆವು. ಎಂಟೂ ಐದು. ಈಗ ಅವನು ಮರಳಿನ ಮೇಲೆ ಇನ್ನೂರು ಮೀಟರು, ಎಂದು ನನ್ನ ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು. ಎಂಟೂ ಹತ್ತು, ನಾನೂರು. ಬೇಡವೆಂದರೂ ನಿಲ್ಲದು, ಮೂವತ್ತನಾಲ್ಕು ವರ್ಷದ ಅಭ್ಯಾಸ. ಎಂಟೂ ಹನ್ನೆರಡಕ್ಕೆ ಫೋನು ಕುಣಿಯಿತು.

"ನೆಟ್‌ವರ್ಕಿಗೆ ರಸ್ತೆ ತನಕ ಬಂದೆ," ಎಂದ ಚಹದಂಗಡಿಯವನು. "ಕೂತಿದ್ದಾರೆ. ಬರೆದದ್ದು ತಪ್ಪು ಅಂತ ಕೇಳಿಸ್ತಂತೆ. ಚಪ್ಪಲಿ ಬಿಚ್ಚಿದ್ದಾರೆ. ಇನ್ನೊಂದು ಚಾ ಹೇಳಿದ್ದಾರೆ."

ಕುಮಟಾದವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಅವನು ಟೇಲರನನ್ನು ನೋಡಿದವನೂ ಅಲ್ಲ. ದಲಾಲಿ ಎದ್ದು, ಅಂಗಡಿಯ ಒಳಗೆ ಹೋಗಿ, ಬಹಳ ಹೊತ್ತು ನಲ್ಲಿಯ ನೀರು ಬಿಟ್ಟುಕೊಂಡು ನಿಂತ.

ನಾವು ಮುಟ್ಟಿದ್ದು ಮರುದಿನ ಮಧ್ಯಾಹ್ನ. ಟೇಲರ್ ಚಹದಂಗಡಿಯ ಬೆಂಚಿನ ಮೇಲೆ, ಬಟ್ಟೆಗೆ ಒಂದು ಸುಕ್ಕೂ ಇಲ್ಲದಂತೆ ಕೂತಿದ್ದ. ಹಿಂದಿನ ರಾತ್ರಿ ಬೆಳದಿಂಗಳಲ್ಲಿ ನೀರು ಬಂಡೆಗಳನ್ನು ಒಂದೊಂದಾಗಿ ನುಂಗುವುದನ್ನು ನೋಡುತ್ತ ಹನ್ನೊಂದರವರೆಗೆ ಕೂತಿದ್ದನಂತೆ. ಬೆಳಿಗ್ಗೆ ನೀರು ಇಳಿದಾಗ ಒಬ್ಬನೇ ಹೋಗಬಹುದಿತ್ತು, ಹೋಗಿರಲಿಲ್ಲ. ದಲಾಲಿ ಹೋಗಿ ಅವನನ್ನು ತಬ್ಬಿಕೊಂಡ, ಬೈದ, ಮತ್ತೆ ತಬ್ಬಿಕೊಂಡ. ನಾನು ಚೀಲ ಇಳಿಸುವ ನೆಪದಲ್ಲಿ ದೂರ ನಿಂತೆ.

ಕೊನೆಗೆ ಕೇಳಿದೆ. "ಚಾದಂಗಡಿಯವ ಅಷ್ಟು ಹೇಳಿದ್ನಂತ. ನಾ ಫೋನ್ ಮಾಡಲಿಲ್ಲಂದ್ರ ಹೋಗತಿದ್ದಿ ಏನಲೇ?"

"ಹೋಗತಿದ್ನಿ," ಎಂದ.

ಅದರಲ್ಲಿ ಆರೋಪವಿರಲಿಲ್ಲ.

ಸಂಜೆ ನೀರು ಹಿಂದೆ ಸರಿಯಿತು. ಹೆಂಗಸರು ಚಿಪ್ಪುಮೀನು ಆರಿಸಲು ಬುಟ್ಟಿ ಹಿಡಿದು ಬಂಡೆಗಳ ಕಡೆ ಹೊರಟರು. ಟೇಲರ್ ಅವರಲ್ಲಿ ಹಿರಿಯಳೊಬ್ಬಳ ಹತ್ತಿರ ಹೋಗಿ, "ಅವ್ವಾ, ಈಗ ಹೋಗಬಹುದೇನ್ರಿ?" ಎಂದು ಕೇಳಿದ. ಅವಳು ನೀರಿನ ಕಡೆ ನೋಡಿ, ಅವನ ಕಾಲಿನ ಕಡೆ ನೋಡಿ, "ಈಗಲೇ ಹೋಗಿ. ನಿಲ್ಬೇಡಿ. ಬರೋದು ಬೆಳಿಗ್ಗೆ ನಾವು ಬಂದ್ಮೇಲೆ," ಎಂದಳು. ಅವನು ನನ್ನ ಕಡೆ ತಿರುಗಲಿಲ್ಲ. ನಡೆದ. ಹಿಂದೆ ದಲಾಲಿ, ಅವನ ಹಿಂದೆ ನಾನು. ನಕಾಶೆ ಚೀಲದೊಳಗೆ ಇತ್ತು. ತೆಗೆಯುವಂತೆ ಯಾರೂ ಹೇಳಲಿಲ್ಲ.

ಬಂಡೆಗಳ ನಡುವಿನ ತಗ್ಗು ಬಂತು. ಕುಮಟಾದವನು ಹೇಳಿದ್ದ ಜಾಗ. ಪಾದದಡಿ ಪಾಚಿ, ಪಕ್ಕದಲ್ಲಿ ಗುಡ್ಡದ ಕರಿಗೋಡೆ, ಅದರ ಮೇಲೆ ನೀರು ನಿಂತು ಇಳಿದ ಗುರುತು. ಕೆಳಗೆಲ್ಲ ಹಸಿ, ಸಣ್ಣ ಚಿಪ್ಪುಗಳು ಅಂಟಿದ್ದು, ಮೇಲೆ ಒಣಕಲ್ಲು, ನಡುವೆ ದಾರ ಹಿಡಿದು ಎಳೆದಷ್ಟು ನೇರವಾದ ಗೆರೆ. ಟೇಲರ್ ಒಂದು ಗಳಿಗೆ ನಿಂತು ಅದನ್ನು ನೋಡಿ ಕುಂಟುತ್ತ ಮುಂದೆ ಹೋದ. ದಲಾಲಿಯೂ ಹೋದ.

ನಾನು ಗೋಡೆಗೆ ಆತು ನಿಂತೆ. ಗೆರೆ ನನ್ನ ಗದ್ದದ ಮಟ್ಟಕ್ಕಿತ್ತು. ಟೇಲರ್ ನನಗಿಂತ ಒಂದು ಗೇಣು ಗಿಡ್ಡ.